ಹಿಂದಿನ ಸೀಟು

2024ರ ದೀಪಾವಳಿಗೆ ಇನ್ನೂ ಹದಿನೈದು ದಿನವಿದ್ದಾಗ ನಮ್ಮ ಮನೆಯಲ್ಲಿ ಒಂದು ಪಂಚಾಯ್ತಿ ನಡೆಯಿತು. ವಿಷಯ ಮಗಳ ಮದುವೆಯದಲ್ಲ, ಮನೆಗೆ ಸುಣ್ಣಬಣ್ಣ ಹೊಡೆಸುವುದೂ ಅಲ್ಲ. ಮಗಳು ಮೋಟಾರ್‌ಸೈಕಲ್ ಕೊಳ್ಳುವುದು.

ಸ್ಕೂಟರಲ್ಲ, ಮೋಟಾರ್‌ಸೈಕಲ್ಲೇ. ಕೆಲಸಕ್ಕೆ ಸೇರಿ ಐದು ವರ್ಷ ಕೂಡಿಟ್ಟ ದುಡ್ಡು ಅವಳದು. ಹಾಗಾಗಿ ‘ಬೇಡ’ ಎನ್ನುವ ಅಧಿಕಾರ ನಮಗಿರಲಿಲ್ಲ. ‘ಯಾವುದು’ ಎಂದು ಕೇಳುವ ಸಲಿಗೆ ಮಾತ್ರ ಇತ್ತು. ಅವಳು ಎರಡು ಗಾಡಿಗಳನ್ನು ನೋಡಿಕೊಂಡು ಬಂದಿದ್ದಳು. ಒಂದು ಯಮಾಹಾದವರ ಆರ್ 15. ಮುಂದಕ್ಕೆ ಬಾಗಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಎದೆಯೂರಿದಂತೆ ಕೂತು ಓಡಿಸುವ ರೇಸಿನ ಮೈಕಟ್ಟಿನದು. ಇನ್ನೊಂದು ರಾಯಲ್ ಎನ್‌ಫೀಲ್ಡ್‌ನವರ ಮೀಟಿಯರ್ 350. ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟುಕೊಂಡು, ಆರಾಮಕುರ್ಚಿಯಲ್ಲಿ ಕೂತ ಹಾಗೆ ದೂರದೂರಿಗೆ ಹೋಗುವಂಥದ್ದು.

ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಟ್ಟೆ, “ದೊಡ್ಡದೇ ತಗೋ. ನಿನ್ನ ಒಳ್ಳೆಯದಕ್ಕೇ ಹೇಳ್ತಿದೀನಿ.”

ಮಗಳು ನನ್ನನ್ನು ಒಂದು ಗಳಿಗೆ ನೋಡಿದಳು. “ಅಮ್ಮಾ, ನೀನು ಆರಿಸ್ತಿರೋದು ನನಗೋ, ನಿನಗೋ?”

ಅವಳೇನೂ ಒರಟಾಗಿ ಕೇಳಲಿಲ್ಲ. ನಗುತ್ತಲೇ ಕೇಳಿದಳು. ಆದರೆ ನನಗೆ ಉತ್ತರ ಹೊಳೆಯಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿದೆ ಎಂದು ನೆವ ಹೇಳಿ ಎದ್ದು ಒಳಗೆ ಹೋದೆ. ಸಾರು ಆಗಲೇ ಇಳಿಸಿಯಾಗಿತ್ತು.

ನಾನು ಮದುವೆಯಾಗಿ ಹಾಸನಕ್ಕೆ ಬಂದದ್ದು 1989ರಲ್ಲಿ. ಮರುವರ್ಷ ನಮ್ಮವರು ಗಾಡಿ ಕೊಳ್ಳಲು ಹೊರಟರು. ಕೆಲಸ ಬೇಲೂರಿನಲ್ಲಿ, ಮನೆ ಹಾಸನದಲ್ಲಿ. ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಆಗ ನಮ್ಮ ಬೀದಿಯಲ್ಲಿ ಓಡಾಡುತ್ತಿದ್ದದ್ದು ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು. ಕಿಕ್ ಹೊಡೆಯುವ ಕಡ್ಡಿಯನ್ನೇ ತಿರುಗಿಸಿ ಗೇರು ಮಾಡಿಕೊಳ್ಳುವ ಆ ಗಾಡಿಗಳನ್ನು ನೋಡಿದವರಿಗೆ ಅವುಗಳ ಸದ್ದು ಇನ್ನೂ ಕಿವಿಯಲ್ಲಿದ್ದೀತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮವರ ಕಣ್ಣು ಮಾತ್ರ ಬೇರೆಯದರ ಮೇಲಿತ್ತು. 1985ರಲ್ಲಿ ಬಂದಿದ್ದ ಯಮಾಹಾ ಆರ್‌ಎಕ್ಸ್ 100. ಬರೀ 98 ಸಿಸಿ, 11 ಕುದುರೆ ಶಕ್ತಿ, ತೂಕ ಸುಮಾರು 100 ಕಿಲೋ. ಹಗುರ ಗಾಡಿ, ಹಾಗಾಗಿ ಹಿಡಿ ತಿರುಗಿಸಿದರೆ ಬಾಣದ ಹಾಗೆ ನೆಗೆಯುತ್ತಿತ್ತು. ಪಕ್ಕದ ಬೀದಿಯ ಹುಡುಗನೊಬ್ಬ ತಂದಿದ್ದ. ಅದು ಹಾದುಹೋದಾಗಲೆಲ್ಲ ಇವರು ಓದುತ್ತಿದ್ದ ಪೇಪರನ್ನು ಕೆಳಗಿಳಿಸುತ್ತಿದ್ದರು.

ಆಗ ನಾನು ಬಸುರಿ. ಅತ್ತೆ, ನಾನು ಇಬ್ಬರೂ ಒಂದಾಗಿ, ಅತ್ತೆ ಸೊಸೆ ಒಂದಾಗುವ ಅಪರೂಪದ ಸಂದರ್ಭವದು, ಬುಲೆಟ್ಟೇ ಆಗಬೇಕು ಎಂದು ಹಟ ಹಿಡಿದೆವು. ಮದರಾಸಿನ ಬುಲೆಟ್, 346 ಸಿಸಿ, 18 ಕುದುರೆ ಶಕ್ತಿ, ಉದ್ದನೆಯ ಗಟ್ಟಿ ಸೀಟು. “ಅದು ಸಂಸಾರಸ್ಥರ ಗಾಡಿ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀನಿ” ಎಂದು ನಾನೇ ಹೇಳಿದ್ದೆ. ಇವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಸಾಲದ ಅರ್ಜಿ ತಂದು ಅದರಲ್ಲಿ ಬುಲೆಟ್ ಎಂದು ತುಂಬಿದರು.

ನಮ್ಮವರು ಸಣಕಲು ಆಳು. ಬುಲೆಟ್ ಶುರು ಮಾಡುವುದೆಂದರೆ ಆಗ ಒಂದು ಪೂಜೆಯ ವಿಧಾನದ ಹಾಗೆ. ಮೊದಲು ಕಿಕ್ ಮೆಲ್ಲಗೆ ಒತ್ತಿ, ಆಮ್‌ಮೀಟರಿನ ಮುಳ್ಳು ಮಧ್ಯಕ್ಕೆ ಬಂದದ್ದನ್ನು ನೋಡಿ, ಡಿಕಂಪ್ರೆಸರಿನ ಸಣ್ಣ ಹಿಡಿ ಎಳೆದು ಪಿಸ್ಟನ್ನನ್ನು ತುಸು ದಾಟಿಸಿ, ಆಮೇಲೆ ಮೈಭಾರವನ್ನೆಲ್ಲ ಹಾಕಿ ಒಂದು ಒದೆತ. ಬೆಳಗಿನ ಚಳಿಯಲ್ಲಿ ಇವರು ಹೀಗೆ ಒದೆಯುವಾಗ ನಾನು ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ಆ ಗಾಡಿ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಇತ್ತು. ಹಿಂದೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನಾವು ಟ್ಯಾಂಕಿನ ಮೇಲೆ ಮಗನನ್ನು, ನನ್ನ ತೊಡೆಯ ಮೇಲೆ ಮಗಳನ್ನು ಕೂರಿಸಿಕೊಂಡು ನಾಲ್ವರೂ ಮದುವೆ ಮುಂಜಿಗಳಿಗೆ ಹೋಗಿದ್ದೇವೆ. ತಪ್ಪು ಎಂದು ಈಗ ಗೊತ್ತು. ಆಗ ಅದೇ ಸಂಸಾರ ಎಂದುಕೊಂಡಿದ್ದೆವು.

ನನಗೆ ಆ ಹಿಂದಿನ ಸೀಟು ನಿಜವಾಗಿ ಇಷ್ಟವಾಗಿತ್ತು. ಒಂದೇ ಕಡೆ ಕಾಲು ಇಳಿಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಅವರ ಭುಜದ ಮೇಲಿಟ್ಟು ಕೂತರೆ ಬೇಲೂರಿನ ದಾರಿಯ ಗಾಳಿಯೆಲ್ಲ ನನ್ನದೇ. ಕಾನೂನಿನ ಪುಸ್ತಕ ಕೂಡ ನನ್ನಂಥವಳನ್ನು ನೆನೆದಿದೆ ಎಂದು ಬಹಳ ತಡವಾಗಿ ತಿಳಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಗಾಲಿಯ ಕಡೇಪಕ್ಷ ಅರ್ಧಕ್ಕೆ ತಡೆ ಇರಲೇಬೇಕು ಎಂದಿದೆ. ನಾವು ಸೀರೆ ಗಾರ್ಡ್ ಎನ್ನುತ್ತೇವಲ್ಲ, ಅದು. ಸರ್ಕಾರವೇ ನನ್ನ ಸೀರೆಯ ಚಿಂತೆ ಮಾಡಿದ್ದಾಗ ಆ ಸೀಟು ನನ್ನ ಹಕ್ಕು ಎಂದು ನಾನು ಅಂದುಕೊಂಡಿದ್ದರೆ ಆಶ್ಚರ್ಯವೇನು?

ಮಗಳ ಪ್ರಶ್ನೆ ನನ್ನನ್ನು ಕುಟುಕಿದ್ದು ಇಲ್ಲೇ. ಅವಳು ಗಾಡಿಗಳ ಚಿತ್ರ ತೋರಿಸಿದಾಗ ನಾನು ಇಂಜಿನ್ ನೋಡಿರಲಿಲ್ಲ, ಬೆಲೆ ನೋಡಿರಲಿಲ್ಲ. ಹಿಂದಿನ ಸೀಟು ನೋಡಿದ್ದೆ. ಆರ್ 15ಕ್ಕೆ ಹಿಂದಿನ ಸೀಟು ಎಂದರೆ ಗುಬ್ಬಚ್ಚಿ ಕೂರುವಷ್ಟು ಜಾಗ, ಅದೂ ಎತ್ತರದಲ್ಲಿ. ಮೀಟಿಯರಿಗೆ ಅಗಲವಾದ ಮೆತ್ತನೆ ಸೀಟು. ನಾನು ಮತ ಹಾಕಿದ್ದು ಆ ಸೀಟಿಗೆ.

ರಾತ್ರಿ ಊಟವಾದ ಮೇಲೆ ಸುಮ್ಮನಿರಲಾರದೆ ವಾದ ಬೆಳೆಸಿದೆ. ವೇಗದ ಗಾಡಿ ಅಪಾಯ, ದೊಡ್ಡದು ಭದ್ರ ಎಂದೆ. ಮಗಳು ತಾಳ್ಮೆಯಿಂದ ವಿವರಿಸಿದಳು. ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಚಿಕ್ಕದರದು ಸುಮಾರು 18 ಕುದುರೆ ಶಕ್ತಿ, ದೊಡ್ಡದರದು ಸುಮಾರು 20. ಆದರೆ 155 ಸಿಸಿಯ ಚಿಕ್ಕ ಇಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಿದಾಗ ತನ್ನ ಪೂರ್ತಿ ಬಲ ತೋರಿಸುತ್ತದೆ. 349 ಸಿಸಿಯ ದೊಡ್ಡದು 6,100 ಸುತ್ತಿಗೇ ತೋರಿಸುತ್ತದೆ. ಎಳೆಯುವ ಬಲ ದೊಡ್ಡದಕ್ಕೆ ಸುಮಾರು ಎರಡು ಪಾಲು. ಅದಕ್ಕೇ ಇಬ್ಬರು ಕೂತು ಸಾಮಾನು ಹೇರಿಕೊಂಡು ಘಾಟಿ ಹತ್ತಿದರೂ ಉಸಿರುಗಟ್ಟುವುದಿಲ್ಲ. ಚಿಕ್ಕದರ ಎರಡು ಗಾಲಿಗಳ ನಡುವಿನ ಅಂತರ ಕಡಿಮೆ, ಆದ್ದರಿಂದ ತಿರುವಿನಲ್ಲಿ ಮೀನಿನ ಹಾಗೆ ಹೊರಳುತ್ತದೆ. ದೊಡ್ಡದರದು ಉದ್ದ, ನೇರ ರಸ್ತೆಯಲ್ಲಿ ಅಲುಗಾಡದೆ ಹೋಗುತ್ತದೆ. “ಇನ್ನು ಭದ್ರದ ಮಾತು. ದೊಡ್ಡದು 190 ಕಿಲೋ ಮೇಲಿದೆ, ಚಿಕ್ಕದು 140ರ ಆಸುಪಾಸು. ನಾನು 52 ಕಿಲೋ. ನಮ್ಮ ಗೇಟಿನ ಇಳಿಜಾರಲ್ಲಿ ಮಳೆಗಾಲದ ಪಾಚಿ ಮೇಲೆ ಯಾವುದನ್ನ ಹಿಂದಕ್ಕೆ ತಳ್ಳಲಿ, ನೀನೇ ಹೇಳು” ಎಂದಳು.

ಇಬ್ಬರು ಹೆಣ್ಣುಮಕ್ಕಳ ಜಾತಕ ಕೇಳಿದಂತಾಯಿತು ನನಗೆ. ಒಬ್ಬಳು ಚುರುಕು, ಮಾತಿಗೆ ಮಾತು. ಇನ್ನೊಬ್ಬಳು ನಿಧಾನ, ಹೊರೆ ಹೊರುವವಳು. ನಾವು ತಟ್ಟನೆ ಎರಡನೆಯವಳನ್ನು ಒಳ್ಳೆಯವಳು ಎನ್ನುತ್ತೇವೆ. ಚುರುಕಿನ ಗಾಡಿ ಸ್ವಾರ್ಥದ್ದು, ಅಗಲ ಸೀಟಿನದು ಪ್ರೀತಿಯದು ಎಂದು ನಾನು ವಿಂಗಡಿಸಿದ್ದೂ ಹಾಗೆಯೇ. ಆದರೆ ಅಗಲ ಸೀಟಿನ ಗಾಡಿಯನ್ನು ಬರೀ ಜಂಬಕ್ಕೆ ಇಟ್ಟುಕೊಂಡು ಹೆಂಡತಿಯನ್ನು ಒಮ್ಮೆಯೂ ಕೂರಿಸದ ಗಂಡಸರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಹಳೆಯ ಸಣ್ಣ ಗಾಡಿಯಲ್ಲಿ ದಿನವೂ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಹುಡುಗನನ್ನೂ ನೋಡಿದ್ದೇನೆ.

ಮಗಳ ಕಪಾಟಿನಲ್ಲಿ ಅಮೆರಿಕದ ರಾಬರ್ಟ್ ಪಿರ್ಸಿಗ್ ಎಂಬಾತನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಇದೆ. 1974ರಲ್ಲಿ ಬಂದ ಪುಸ್ತಕ. 1968ರಲ್ಲಿ ಆತ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾದವರೆಗೆ ಮೋಟಾರ್‌ಸೈಕಲ್ಲಿನಲ್ಲಿ ಹೋದ. ಗಾಡಿ 305 ಸಿಸಿಯ ಹೋಂಡಾ, ಆ ಕಾಲಕ್ಕೆ ಚುರುಕಿನದೆಂದು ಹೆಸರಾಗಿದ್ದದ್ದು. ಚುರುಕಿನ ಗಾಡಿಯಲ್ಲೂ ಅಷ್ಟು ದೂರ ಇಬ್ಬರು ಹೋದರು ಎಂಬುದು ಒಂದು ಮಾತು. ನನಗೆ ನಾಟಿದ್ದು ಬೇರೆ. ದಾರಿಯುದ್ದಕ್ಕೂ ಆ ಹುಡುಗನಿಗೆ ಕಂಡದ್ದು ಅಪ್ಪನ ಬೆನ್ನು. ಕೊನೆಯ ಹೊತ್ತಿಗೆ ಅವನು ಕಾಲಿಡುವ ಕಡ್ಡಿಯ ಮೇಲೆ ಎದ್ದು ನಿಂತು ಅಪ್ಪನ ಭುಜದ ಮೇಲಿಂದ ಎದುರಿನ ದಾರಿಯನ್ನು ನೋಡುತ್ತಾನೆ.

ಹದಿನಾಲ್ಕು ವರ್ಷ ನನಗೂ ಕಂಡದ್ದು ಒಂದು ಬೆನ್ನು, ಒಂದು ಪಕ್ಕದ ಹೊಲಗದ್ದೆ. ಆ ಬೆನ್ನಿನ ಮುಂದಿದ್ದ ಮುಖ ಆಗ ಹೇಗಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ.

“ರೀ, ಆವತ್ತು ನಿಮಗೆ ಆ ಯಮಾಹಾನೇ ಬೇಕಿತ್ತು ಅಲ್ವಾ?”

ಅವರು ಕನ್ನಡಕ ತೆಗೆದು ಒರೆಸಿದರು. “ಬೇಕಿತ್ತು” ಎಂದರು. ಮೂವತ್ತನಾಲ್ಕು ವರ್ಷದ ಹಿಂದಿನ ಮಾತು, ನಿನ್ನೆಯದರ ಹಾಗೆ ಬಂತು.

“ಮತ್ತೆ ಬಾಯಿಬಿಟ್ಟು ಹೇಳಲಿಲ್ಲವಲ್ಲ. ನನ್ನ ಮೇಲೆ ಬೇಜಾರಾಗಿತ್ತಾ?”

“ಬುಲೆಟ್ ತಂದಿದ್ದಕ್ಕೆ ಬೇಜಾರಿಲ್ಲ ಕಣೇ. ಒಳ್ಳೇ ಗಾಡಿ ಅದು. ನೀನು ‘ನಿಮ್ಮ ಒಳ್ಳೆಯದಕ್ಕೇ’ ಅಂದೆಯಲ್ಲ, ಅದಕ್ಕೆ ಬೇಜಾರಾಗಿತ್ತು. ‘ನನಗೆ ಬೇಕು, ನನಗೆ ಕೂರೋಕೆ ಜಾಗ ಬೇಕು’ ಅಂದಿದ್ದರೆ ಖುಷಿಯಿಂದ ತಂದುಕೊಡ್ತಿದ್ದೆ.”

ಇಷ್ಟು ಹೇಳಿ ಅವರು ಮಲಗಿದರು. ನನಗೆ ನಿದ್ದೆ ಬರಲಿಲ್ಲ.

ಓದುವ ನೀವೂ ಬಹುಪಾಲು ನನ್ನಂಥವರೇ. ಒಮ್ಮೆ ಯೋಚಿಸಿ ನೋಡಿ. ‘ನನಗೆ ಬೇಕು’ ಎಂದು ನಾವು ಬಾಯಿಬಿಟ್ಟು ಹೇಳಿದ್ದು ಎಷ್ಟು ಸಲ? ನನ್ನ ತಾಯಿಗೆ ಹಲಸಿನ ಹಪ್ಪಳವೆಂದರೆ ಪ್ರಾಣ. ಮಳೆ ಹಿಡಿದ ಸಂಜೆ ಬಾಣಲೆ ಇಟ್ಟು “ಮಕ್ಕಳಿಗೆ ಆಸೆ ಪಾಪ” ಎನ್ನುತ್ತಾ ಕರಿಯುತ್ತಿದ್ದರು. ನಮಗೆ ಹಸಿವೇ ಇರುತ್ತಿರಲಿಲ್ಲ. ತನಗಾಗಿ ನಾಲ್ಕು ಹಪ್ಪಳ ಕರಿದುಕೊಳ್ಳಲು ಆ ಮನೆಯಲ್ಲಿ ಹೆಂಗಸಿಗೆ ಭಾಷೆಯೇ ಇರಲಿಲ್ಲ. ಆಸೆಗೆ ಮಕ್ಕಳ ಹೆಸರಿನ ಹೊದಿಕೆ ಹೊದಿಸಬೇಕಿತ್ತು. ನಾನು ಕಲಿತದ್ದೂ ಆ ಭಾಷೆಯನ್ನೇ. ಅವರು ಹೊದಿಸಿದ್ದು ಹಪ್ಪಳಕ್ಕೆ. ನಾನು ಹೊದಿಸಿದ್ದು ಬುಲೆಟ್ಟಿಗೆ.

ಹಪ್ಪಳದ ವಿಷಯದಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಗಾಡಿಯ ವಿಷಯದಲ್ಲಿ ಆಯಿತು. ಒಬ್ಬರು ‘ನನಗೆ ಇದು ಬೇಕು’ ಎಂದರೆ ಇನ್ನೊಬ್ಬರು ‘ಆಗಲಿ’ ಎನ್ನಬಹುದು, ‘ಇಲ್ಲ’ ಎಂದೂ ಅನ್ನಬಹುದು. ‘ನನಗೆ ಭಯ’ ಎಂದರೂ ಅಷ್ಟೆ. ಅದಕ್ಕೆ ಸಮಾಧಾನ ಹೇಳಬಹುದು, ಹೆಲ್ಮೆಟ್ ತೋರಿಸಬಹುದು. ಆದರೆ ‘ನಿನ್ನ ಒಳ್ಳೆಯದಕ್ಕೇ’ ಎಂದರೆ ಎದುರಿಗಿದ್ದವರ ಬಾಯಿ ಕಟ್ಟಿದ ಹಾಗೆ. ಅದಕ್ಕೆ ‘ಇಲ್ಲ’ ಎಂದವನು ಕೃತಘ್ನನಾಗುತ್ತಾನೆ. ಒಪ್ಪಿದವನಿಗೂ ಏನೂ ದಕ್ಕುವುದಿಲ್ಲ. ನಮ್ಮವರು ತಮ್ಮ ಆಸೆಯನ್ನು ನನಗಾಗಿ ಬಿಟ್ಟುಕೊಟ್ಟರು. ಆದರೆ ಅದು ಅವರದೇ ಒಳ್ಳೆಯದಕ್ಕೆ ಎಂದು ನಾನು ಮೊದಲೇ ತೀರ್ಮಾನಿಸಿದ್ದರಿಂದ, ಅವರಿಗೆ ಕೊಟ್ಟ ಸಂತೋಷವೂ ಸಿಗಲಿಲ್ಲ. ನಾನೂ ಒಂದು ದಿನ ‘ನನಗಾಗಿ ಬಿಟ್ಟಿರಿ’ ಎಂದು ಕೃತಜ್ಞತೆ ಹೇಳಲಿಲ್ಲ. ದಾನ ಆಗಬೇಕಾಗಿದ್ದದ್ದನ್ನು ನಾನು ಕಂದಾಯದ ಹಾಗೆ ವಸೂಲಿ ಮಾಡಿದ್ದೆ.

ಹಾಗಾದರೆ ಎಲ್ಲರೂ ಅವರವರ ಆಸೆಯನ್ನೇ ನೋಡಿಕೊಂಡರೆ ಸಂಸಾರ ನಡೆದೀತೇ ಎಂದು ಕೇಳಬಹುದು. ನಡೆಯದು. ಇನ್ನೊಬ್ಬರಿಗಾಗಿ ಜಾಗ ಬಿಡುವುದು ದೊಡ್ಡ ಗುಣ ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಮಕ್ಕಳ ಒಳಿತನ್ನು ತಾಯಿ ನಿಜವಾಗಿ ಅವರಿಗಿಂತ ಮೊದಲೇ ಕಾಣುವ ಗಳಿಗೆಗಳೂ ಇರುತ್ತವೆ. ಎರಡು ವರ್ಷದ ಮಗು ಬೆಂಕಿಗೆ ಕೈ ಚಾಚಿದಾಗ ‘ನನಗೆ ಭಯ’ ಎನ್ನುತ್ತಾ ಕೂರಲಾಗುವುದಿಲ್ಲ. ಆದರೆ ಇಪ್ಪತ್ತೇಳು ವರ್ಷದ, ತನ್ನ ದುಡ್ಡಿನಲ್ಲಿ ಗಾಡಿ ಕೊಳ್ಳುವ ಹೆಣ್ಣು ಆ ಮಗುವಲ್ಲ. ಅವಳ ಹಿಂದೆ ಜಾಗ ಬೇಕಿದ್ದರೆ ಕೇಳಬೇಕು. ಅವಳು ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಕೊಡದಿದ್ದರೆ ನಾನು ಮುಖ ಊದಿಸಿಕೊಳ್ಳಬಾರದು. ಕೇಳುವುದರಲ್ಲಿ ಇದೇ ಕಷ್ಟ. ಇಲ್ಲ ಎನ್ನಿಸಿಕೊಳ್ಳುವುದಕ್ಕೂ ತಯಾರಿರಬೇಕು. ಆ ಕಷ್ಟ ತಪ್ಪಿಸಿಕೊಳ್ಳಲೆಂದೇ ನಾವು ‘ನಿನ್ನ ಒಳ್ಳೆಯದಕ್ಕೇ’ ಎನ್ನುತ್ತೇವೆಯೋ ಏನೋ.

ಬೆಳಿಗ್ಗೆ ಮಗಳಿಗೆ ತಲೆ ಬಾಚುತ್ತಾ ಹೇಳಿದೆ. ಈಗಲೂ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬಾಚುವುದು ನಾನೇ. “ದೊಡ್ಡ ಗಾಡಿ ನಿನಗೆ ಒಳ್ಳೇದು ಅಂತ ಹೇಳಿದ್ದು ಸುಳ್ಳು ಕಣೇ. ನನಗೆ ಹಿಂದೆ ಕೂರೋ ಆಸೆ ಇತ್ತು. ಮತ್ತೆ, ಆ ಬಾಗಿ ಓಡಿಸೋ ಗಾಡಿ ನೋಡಿದರೆ ಭಯ. ಎರಡೂ ನನ್ನದು. ನಿನ್ನ ಗಾಡಿ ನೀನು ಆರಿಸು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಭಯಕ್ಕೆ ಒಳ್ಳೇ ಹೆಲ್ಮೆಟ್ ತಗೋತೀನಿ, ಜಾಕೆಟ್, ಗ್ಲೌಸ್ ಎಲ್ಲ ತಗೋತೀನಿ. ಆಸೆಗೆ...” ಎಂದು ನಿಲ್ಲಿಸಿ, “ಅಮೆರಿಕದಲ್ಲಿ ವ್ಯಾನ್ ಬ್ಯೂರೆನ್ ಅಂತ ಅಕ್ಕತಂಗಿ ಇದ್ದರು ಗೊತ್ತಾ? 1916ರಲ್ಲೇ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಮೋಟಾರ್‌ಸೈಕಲ್ಲಲ್ಲಿ ಹೋದರು. ಪ್ಯಾಂಟು ಹಾಕ್ಕೊಂಡಿದಾರೆ ಅಂತ ದಾರೀಲಿ ಪೊಲೀಸರು ಹಿಡಿದಿದ್ದರಂತೆ. ಇಬ್ಬರೂ ಒಂದೇ ಗಾಡೀಲಿ ಹೋಗಲಿಲ್ಲ ಅಮ್ಮ. ಆಳಿಗೊಂದು ಗಾಡಿ” ಎಂದಳು.

ಅರವತ್ತರ ಗಡಿಯಲ್ಲಿರುವ ನನಗೆ ಮೋಟಾರ್‌ಸೈಕಲ್ ಕಲಿಸುವ ಯೋಚನೆಯೋ ಏನೋ ಎಂದು ನಾನು ಗಾಬರಿಯಾದೆ. ಅವಳು ನಕ್ಕಳು. “ಜೊತೆಗೆ ಹೋಗಬೇಕು ಅಂದರೆ ಒಂದೇ ಸೀಟಲ್ಲಿ ಕೂರಬೇಕಾ ಅಂತ ಕೇಳ್ತಿದೀನಿ, ಅಷ್ಟೇ.”

ದೀಪಾವಳಿಗೆ ಅವಳು ತಂದದ್ದು ಆರ್ 15. ನೀಲಿ ಬಣ್ಣದ್ದು. ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಅದು ಚಪ್ಪಟೆಯಾದ ಸದ್ದು ಕೇಳಿದಾಗ ನನ್ನ ಎದೆ ಝಲ್ಲೆಂದದ್ದು ನಿಜ. ಭಯ ಈಗಲೂ ಹೋಗಿಲ್ಲ. ಅವಳು ಹೊರಟಾಗ ‘ತಲುಪಿದ ಕೂಡಲೇ ಫೋನ್ ಮಾಡು’ ಎನ್ನುತ್ತೇನೆ. ‘ನಿನ್ನ ಒಳ್ಳೆಯದಕ್ಕೆ’ ಎಂದು ಸೇರಿಸುವುದಿಲ್ಲ. ‘ನನಗೆ ನಿದ್ದೆ ಬರಲ್ಲ’ ಎನ್ನುತ್ತೇನೆ. ಅವಳು ತಪ್ಪದೆ ಫೋನ್ ಮಾಡುತ್ತಾಳೆ.

ಹಬ್ಬ ಕಳೆದ ಮುಂದಿನ ಭಾನುವಾರ ಸಕಲೇಶಪುರಕ್ಕೆ ಹೋದೆವು. ಸುಮಾರು ನಲವತ್ತು ಕಿಲೋಮೀಟರ್ ದಾರಿ. ಮಗಳು ಗಾಡಿಯಲ್ಲಿ, ನಾವಿಬ್ಬರು ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಪುಣ್ಯದಿಂದ ನನಗೆ ಬಿಟ್ಟಿ ಪ್ರಯಾಣ, ನಮ್ಮವರಿಗೆ ಪೂರ್ತಿ ಟಿಕೆಟ್. ಕಂಡಕ್ಟರ್ ಅವರ ಕೈಗೆ ಚಿಲ್ಲರೆ ಕೊಡುವಾಗ ನನಗೆ ಒಳಗೊಳಗೇ ನಗು. ಕಿಟಕಿ ಪಕ್ಕದ ಸೀಟು ನನಗೇ ಬೇಕು ಎಂದು ಕೇಳಿ ಪಡೆದಿದ್ದೆ. ದಾರಿಯಲ್ಲಿ ಒಂದು ಕಡೆ ಮಗಳ ಗಾಡಿ ಬಸ್ಸನ್ನು ದಾಟಿತು. ಹೆಲ್ಮೆಟ್ಟಿನೊಳಗಿನ ಮುಖ ಕಾಣಲಿಲ್ಲ. ಅವಳು ಎಡಗೈ ಒಂದು ಸಲ ಎತ್ತಿ ತೋರಿಸಿ ಮುಂದೆ ಹೋದಳು. ಅವಳ ಗಾಡಿ ಓಡುವುದನ್ನು ನಾನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಎಲ್ಲ ಕಡೆಯಿಂದ ನೋಡಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಸಕಲೇಶಪುರದ ಹೋಟೆಲೊಂದರಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದು ಹೊರಗೆ ಬಂದಾಗ ನಮ್ಮವರು ಗಾಡಿಯ ಸುತ್ತ ಎರಡು ಸುತ್ತು ಬಂದರು. ಹಿಡಿಯ ಮೇಲೆ ಕೈಯಿಟ್ಟರು, ತೆಗೆದರು. ಮಗಳು ಬೀಗದಕೈ ಚಾಚಿ, “ಅಪ್ಪ, ಇದರಲ್ಲಿ ಗೇರು ಎಡಗಾಲಿಗೆ. ಬುಲೆಟ್ ನೆನಪಲ್ಲಿ ಬಲಗಾಲಲ್ಲಿ ಹುಡುಕಬೇಡ” ಎಂದಳು. ಹಳೆಯ ಬುಲೆಟ್ಟುಗಳಿಗೆ ಗೇರು ಬಲಕ್ಕೆ, ಬ್ರೇಕು ಎಡಕ್ಕೆ ಇತ್ತು. ಅವರು ಹೆಲ್ಮೆಟ್ ಹಾಕಿಕೊಂಡು, ಮೊದಲು ಸಂಕೋಚದಿಂದ ನೆಟ್ಟಗೆ ಕೂತು, ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗಿದರು. ಹೇಮಾವತಿಯ ಸೇತುವೆಯ ಕಡೆ ಹೋಗಿ ಐದಾರು ನಿಮಿಷದಲ್ಲಿ ತಿರುಗಿ ಬಂದರು. ಹೆಲ್ಮೆಟ್ ತೆಗೆದಾಗ ಆ ಮುಖ ನೋಡಿದೆ. 1990ರಲ್ಲಿ ನಾನು ನೋಡದೆ ಬಿಟ್ಟಿದ್ದ ಮುಖ ಅದೇ ಇರಬೇಕು.

“ಅಮ್ಮಾ, ನೀನೂ ಒಂದು ಸಲ ಹಿಂದೆ ಹತ್ತು. ಮೆಲ್ಲಗೆ ಹೋಗ್ತೀನಿ” ಎಂದಳು ಮಗಳು.

ಆ ಪುಟ್ಟ ಎತ್ತರದ ಸೀಟನ್ನು ನೋಡಿದೆ. ಮನಸ್ಸಿಲ್ಲದ ಮನಸ್ಸಿನಿಂದ ಹತ್ತಿ, ‘ನಿನ್ನ ಖುಷಿಗೆ’ ಎಂದು ಹೇಳುವುದು ನನಗೆ ಬಹಳ ಸುಲಭವಿತ್ತು.

“ಬೇಡ” ಎಂದೆ. “ನನಗೆ ಇನ್ನೊಂದು ಕಾಫಿ ಬೇಕು.”